ಎರಿ ಭೂಮಿಯ ಮೇಲೆ ಬಾಳಿಕೆ ಬರುವ ಡಾಂಬರು ಅಂಗಳ: ತಳದಿಂದ ಮೇಲಿನವರೆಗೆ

ಒಂದು ಅಕ್ಟೋಬರ್‌ನಲ್ಲಿ ವಿಜಯಪುರದ ಹೊರವಲಯದ ಮಂಗಲ ಕಾರ್ಯಾಲಯವೊಂದರ ಮಾಲೀಕರು ಫೋನ್ ಮಾಡಿ ಕರೆಸಿಕೊಂಡರು. ಏಪ್ರಿಲ್‌ನಲ್ಲಷ್ಟೇ ಹಾಕಿಸಿದ ಪಾರ್ಕಿಂಗ್ ಅಂಗಳ. ಕಾಂಪೌಂಡ್ ಗೋಡೆಗುಂಟ ಗೇಟಿನಿಂದ ಅಡುಗೆಮನೆಯವರೆಗೆ ಒಂದೇ ಬಿರುಕು, ಹೆಬ್ಬೆರಳು ಇಳಿಯುವಷ್ಟು ಅಗಲ. ನಡುವೆ ಎರಡು ಕಡೆ ಕಾರಿನ ಗಾಲಿಯ ಗುರುತು ತಗ್ಗಾಗಿ ನೀರು ನಿಂತಿತ್ತು.

“ಡಾಂಬರ ಖರಾಬ್ ಹಾಕ್ಯಾನ್ರೀ ಸರ ಅಂವ” ಅಂದರು.

ಹಾರೆಯಿಂದ ಒಂದು ಅಡಿ ಚೌಕ ಕಿತ್ತು ನೋಡಿದೆವು. ಡಾಂಬರು ಪೂರಾ ಎರಡು ಇಂಚು ಇತ್ತು, ಖಡಿಯನ್ನು, ಅಂದರೆ ಜಲ್ಲಿಕಲ್ಲನ್ನು, ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅದರ ಕೆಳಗೆ ನಾಲ್ಕೇ ಇಂಚು ಖಡಿ. ಆ ಖಡಿಯ ಸಂದಿಯಲ್ಲೆಲ್ಲ ಕರಿ ಕೆಸರು ಕೆಳಗಿನಿಂದ ಏರಿ ಬಂದಿತ್ತು. ಬೆರಳಿಟ್ಟು ಒತ್ತಿದರೆ ಬೆಣ್ಣೆಯಂತೆ ಒಳಗೆ ಹೋಯಿತು.

“ಅಣ್ಣಾರ, ಡಾಂಬರಕ್ಕ ಏನೂ ಆಗಿಲ್ರಿ. ತಳಾನ ಕುಂತೈತಿ” ಎಂದೆ.

ನಮ್ಮ ಭಾಗದಲ್ಲಿ ನಾನು ನೋಡಿದ ಹಾಳಾದ ಅಂಗಳಗಳಲ್ಲಿ ಹೆಚ್ಚಿನವುಗಳ ಕತೆ ಇದೇ. ಜನ ಕೇಳುವುದು “ಯಾವ ಡಾಂಬರು ಛಲೋ?” ಎಂದು. ಮೊದಲು ಕೇಳಬೇಕಾದದ್ದು “ನನ್ನ ಜಾಗದ ಮಣ್ಣು ಯಾವುದು, ನೀರು ಎಲ್ಲಿಗೆ ಹೋಗುತ್ತದೆ?” ಎಂದು. ಹಾಗಾಗಿ ಈ ಮಾರ್ಗದರ್ಶಿ ತಳದಿಂದ ಮೇಲಕ್ಕೆ ಬರುತ್ತದೆ. ಮಾತೆಲ್ಲ ಹೆಚ್ಚಾಗಿ ವಿಜಯಪುರ ಜಿಲ್ಲೆಯ ಎರಿ ಭೂಮಿಯದು, ಅಂದರೆ ಕಪ್ಪು ಹತ್ತಿ ಮಣ್ಣಿನದು. ಬಾಗಲಕೋಟೆ, ಬೆಳಗಾವಿಯವರಿಗೆ ಎಲ್ಲಿ ವ್ಯತ್ಯಾಸ ಬರುತ್ತದೆ ಎಂದು ಅಲ್ಲಲ್ಲೇ ಹೇಳುತ್ತೇನೆ.

ಡಾಂಬರೇ ಬೇಕೆ? ಮೊದಲು ತೀರ್ಮಾನಿಸಿ

ಮನೆಯ ಗೇಟಿನಿಂದ ಪೋರ್ಚಿನವರೆಗೆ ಇನ್ನೂರು, ಮುನ್ನೂರು ಚದರ ಅಡಿ ಮಾತ್ರ ಇದ್ದರೆ ಡಾಂಬರು ಬೇಡ ಎನ್ನುತ್ತೇನೆ. ಅಷ್ಟು ಚಿಕ್ಕ ಜಾಗಕ್ಕೆ ಎರಡು ಟನ್ ಚಿಲ್ಲರೆ ಮಾಲು ಸಾಕು. ಅದಕ್ಕಾಗಿ ಯಾವ ಪ್ಲಾಂಟಿನವರೂ ಮನಸ್ಸಿಟ್ಟು ಬಿಸಿ ಮಾಲು ಕಳಿಸುವುದಿಲ್ಲ, ದೊಡ್ಡ ರೋಲರ್ ಒಳಗೆ ತಿರುಗುವುದಿಲ್ಲ. ಬೇರೆ ರಸ್ತೆ ಕೆಲಸದಲ್ಲಿ ಉಳಿದ, ಅರ್ಧ ಆರಿದ ಮಾಲು ತಂದು ಸುರಿದು ಹೋಗುವುದೇ ಹೆಚ್ಚು. ಅಲ್ಲಿ 60 ಮಿ.ಮೀ. ದಪ್ಪದ ಪೇವರ್ ಬ್ಲಾಕ್ ಹಾಕಿಸಿ. ನೆಲ ಕುಸಿದರೆ ಬ್ಲಾಕ್ ತೆಗೆದು ಸರಿಮಾಡಿ ಮತ್ತೆ ಕೂರಿಸಬಹುದು.

ಎರಡು, ಮೂರು ಸಾವಿರ ಚದರ ಅಡಿ ದಾಟಿದ ಮೇಲೆ ಡಾಂಬರಿಗೆ ಅರ್ಥ ಬರುತ್ತದೆ: ಆಸ್ಪತ್ರೆ, ಶಾಲೆ, ಮಂಗಲ ಕಾರ್ಯಾಲಯ, ಹೆದ್ದಾರಿ ಪಕ್ಕದ ಖಾನಾವಳಿ, ತೋಟದ ಮನೆಯ ಉದ್ದ ದಾರಿ. ಡಾಂಬರು ಸ್ವಲ್ಪ ಬಾಗುತ್ತದೆ. ಹಿಗ್ಗಿ ಕುಗ್ಗುವ ನೆಲದ ಮೇಲೆ ತೆಳು ಕಾಂಕ್ರೀಟ್‌ಗಿಂತ ಇದು ತಾಳಿಕೊಳ್ಳುತ್ತದೆ, ದುರಸ್ತಿಯೂ ಸುಲಭ. ಆದರೆ ನೀರಿನ ಟ್ಯಾಂಕರ್ ದಿನಾ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ, ಜನರೇಟರ್ ಬಳಿ ಡೀಸೆಲ್ ಚೆಲ್ಲುತ್ತಿದ್ದರೆ, ಆ ಚೌಕಕ್ಕೆ ಮಾತ್ರ ಕಾಂಕ್ರೀಟ್ ಹಾಕಿಸಿ. ಡಾಂಬರು ಪೆಟ್ರೋಲಿಯಂನಿಂದಲೇ ಬಂದದ್ದು, ಡೀಸೆಲ್ ಬಿದ್ದರೆ ಕರಗುತ್ತದೆ.

ಮಣ್ಣಿನ ಪರೀಕ್ಷೆ

ಡೋಣಿ ನದಿಯ ದಂಡೆಯ ಎರಿಯ ಬಗ್ಗೆ “ಡೋಣಿ ಬೆಳೆದರೆ ಓಣಿಯೆಲ್ಲ ಕಾಳು” ಎನ್ನುವ ಮಾತು ನಮ್ಮಲ್ಲಿದೆ. ಬಿಳಿಜೋಳಕ್ಕೆ ವರವಾದ ಆ ಮಣ್ಣೇ ಅಂಗಳಕ್ಕೆ ಕಷ್ಟ ಕೊಡುತ್ತದೆ. ಎರಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದು ನೀರನ್ನು ತನ್ನ ಪದರಗಳ ನಡುವೆಯೇ ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮೇ ತಿಂಗಳಲ್ಲಿ ಹೊಲದಲ್ಲಿ ಮೊಣಕೈ ಇಳಿಯುವ ಬಿರುಕು ಬಿಡುತ್ತದಲ್ಲ, ನಿಮ್ಮ ಅಂಗಳದ ಕೆಳಗಿರುವುದೂ ಅದೇ ನೆಲ.

ಎಷ್ಟು ಉಬ್ಬುತ್ತದೆ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಎರಡು ಅಡಿ ಆಳದ ಮಣ್ಣು ತೆಗೆದು ಒಣಗಿಸಿ, ಕುಟ್ಟಿ, ನುಣ್ಣಗೆ ಜರಡಿ ಹಿಡಿಯಿರಿ. 100 ಮಿ.ಲೀ. ಅಳತೆಯ ಎರಡು ಗಾಜಿನ ಕೊಳವೆಗಳಿಗೆ 10 ಗ್ರಾಂನಂತೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 12 ಮಿ.ಲೀ.ಗೆ ನಿಂತ ಮಣ್ಣು ನೀರಿನಲ್ಲಿ 20ಕ್ಕೆ ಏರಿದರೆ, ಉಬ್ಬು ಸುಮಾರು 67 ಪ್ರತಿಶತ. 50 ಪ್ರತಿಶತ ಮೀರಿದ ಮಣ್ಣನ್ನು ರಸ್ತೆ ತುಂಬಲು ಬಳಸಬಾರದು ಎಂದು ಹೆದ್ದಾರಿ ಸಚಿವಾಲಯದ ನಿಯಮವೇ ಹೇಳುತ್ತದೆ.

ದೊಡ್ಡ ಅಂಗಳವಾದರೆ ಮಣ್ಣು ಎಷ್ಟು ಭಾರ ತಾಳುತ್ತದೆ ಎಂದು ಅಳೆಯುವ ಸಿ.ಬಿ.ಆರ್. ಪರೀಕ್ಷೆಯನ್ನೂ ಲ್ಯಾಬಿನಲ್ಲಿ ಮಾಡಿಸಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಕೇಳಿ ನೋಡಿ. ನಾಲ್ಕು ದಿನ ನೀರಿನಲ್ಲಿ ನೆನೆಸಿ ಮಾಡಿದ ಪರೀಕ್ಷೆಯ ಸಂಖ್ಯೆಯನ್ನೇ ನಂಬಬೇಕು. ಒಣ ಎರಿ ಕಲ್ಲಿನಂತೆ ಗಟ್ಟಿಯಾಗಿ ಕಂಡು ಮೋಸ ಮಾಡುತ್ತದೆ. ನೆನೆದಾಗ ಅದರ ಸಿ.ಬಿ.ಆರ್. ಸಾಮಾನ್ಯವಾಗಿ 2ರಿಂದ 4ರ ಆಸುಪಾಸಿಗೆ ಇಳಿದುಬಿಡುತ್ತದೆ.

ಖಾನಾಪುರ, ಬೆಳಗಾವಿಯ ದಕ್ಷಿಣದ ಕಡೆಯವರಿಗೆ ಜಂಬಿಟ್ಟಿಗೆಯ ಕೆಂಪು ನೆಲವಿದ್ದರೆ ಈ ತೊಂದರೆ ಬಹಳ ಕಡಿಮೆ. ಅಲ್ಲಿ ಗಟಾರದ ಲೆಕ್ಕ ಮಾತ್ರ ದೊಡ್ಡದು, ಮಳೆ ಅಷ್ಟಿದೆ.

ಅಗೆತ ಮತ್ತು ಗರಸು

ಎರಿ ಪೂರಾ ತೆಗೆದುಹಾಕಲು ಆಗುವುದಿಲ್ಲ. ಕೆಲವು ಕಡೆ ಇಪ್ಪತ್ತು ಅಡಿಯವರೆಗೂ ಅದೇ ಇರುತ್ತದೆ. ಹೆದ್ದಾರಿಗಳಲ್ಲಿ ಉಬ್ಬದ ಮಣ್ಣಿನ 60 ಸೆಂ.ಮೀ.ನಿಂದ 1 ಮೀಟರ್ ದಪ್ಪದ ಪದರ ಕೊಡುವ ಪದ್ಧತಿಯಿದೆ. ಕಾರು ನಿಲ್ಲುವ ಅಂಗಳಕ್ಕೆ ನಾನು ಹೇಳುವುದು ಇಷ್ಟು: ಎರಡು ಅಡಿ ಎರಿ ತೆಗೆಯಿರಿ. ತಳವನ್ನು ಸ್ವಲ್ಪ ಹಸಿಯಾಗಿಟ್ಟು ರೋಲರ್ ಹಾಯಿಸಿ. ಬೇಸಿಗೆಯಲ್ಲಿ ಬಾಯಿಬಿಟ್ಟ ಒಣ ಎರಿಯ ಮೇಲೆ ಹಾಗೇ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಮೊರಂ) ಸುರಿಯಬೇಡಿ. ಮುಂದೆ ನೀರು ಕುಡಿದಾಗ ಅದು ಪೂರಾ ಉಬ್ಬುತ್ತದೆ. ಕೆಲಸಕ್ಕೆ ಒಳ್ಳೆಯ ಕಾಲ ಹಿಂಗಾರಿ ಮಳೆ ಮುಗಿದು ನೆಲದಲ್ಲಿ ಇನ್ನೂ ಹಸಿ ಉಳಿದಿರುವ ನವೆಂಬರ್‌ನಿಂದ ಜನವರಿ.

ಅದರ ಮೇಲೆ ಒಂದು ಅಡಿ ಗರಸು, ಅರ್ಧ ಅರ್ಧ ಅಡಿಯ ಎರಡು ಪದರವಾಗಿ, ನೀರು ಹೊಡೆದು ರೋಲ್ ಮಾಡಿ. ಗರಸು ಆರಿಸುವಾಗ ಒಂದು ಹಿಡಿ ಒದ್ದೆ ಮಾಡಿ ಉಂಡೆ ಕಟ್ಟಿ ನೋಡಿ. ಕೈಗೆ ಮೆತ್ತಿಕೊಂಡು, ದಾರದಂತೆ ಹೊಸೆಯಲು ಬಂದರೆ ಅದರಲ್ಲಿ ಜೇಡಿ ಹೆಚ್ಚು, ವಾಪಸ್ ಕಳಿಸಿ. ಒಳ್ಳೆಯ ಗರಸು ಎಲ್ಲಿಯೂ ಸಿಗದಿದ್ದರೆ ಎರಿಗೇ ಸುಣ್ಣ ಬೆರೆಸಬಹುದು. ಒಣ ಮಣ್ಣಿನ ತೂಕಕ್ಕೆ 3ರಿಂದ 5 ಪ್ರತಿಶತ ಸುಣ್ಣ ಸೇರಿದರೆ ಉಬ್ಬುವ ಗುಣ ಬಹಳ ತಗ್ಗುತ್ತದೆ. ಬೆರೆಸುವ ಕೆಲಸ ಮಾತ್ರ ಸರಿಯಾಗಬೇಕು. ಟ್ರ್ಯಾಕ್ಟರಿಗೆ ರೋಟಾವೇಟರ್ ಕಟ್ಟಿ ನಾಲ್ಕಾರು ಸಲ ಹೊಡೆಯದೆ, ಮೇಲೆ ಸುಣ್ಣ ಉದುರಿಸಿ ಬಿಟ್ಟರೆ ಪ್ರಯೋಜನವಿಲ್ಲ.

ಎರಿ ಮತ್ತು ಗರಸಿನ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಕೆಸರು ಮೇಲೇರುವುದು ನಿಲ್ಲುತ್ತದೆ. ಆ ಕಾರ್ಯಾಲಯದಲ್ಲಿ ಬೆರಳಿಗೆ ತಾಗಿದ ಬೆಣ್ಣೆಯಂಥ ಕೆಸರು ನೋಡಿದಂದಿನಿಂದ ನಾನು ಇದನ್ನು ಬಿಡುವುದಿಲ್ಲ.

ನಳದ ಪೈಪು, ಕರೆಂಟ್ ಕೇಬಲ್, ಮುಂದೆಂದಾದರೂ ಬೇಕಾಗಬಹುದಾದ ಕ್ಯಾಮೆರಾ ವಯರಿಗೆ ಎರಡು ಖಾಲಿ ಪಿ.ವಿ.ಸಿ. ಕೊಳವೆ, ಎಲ್ಲವನ್ನೂ ಈ ಹಂತದಲ್ಲೇ ಹೂತುಬಿಡಿ.

ಖಡಿಯ ಎರಡು ಪದರ

ಗರಸಿನ ಮೇಲೆ ದಪ್ಪ ಸಣ್ಣ ಖಡಿ ಬೆರೆಸಿದ ತಳಪದರ, ಅಂದರೆ ಜಿ.ಎಸ್.ಬಿ., ಅದರ ಮೇಲೆ ಖಡಿ, ಖಡಿಪುಡಿಯನ್ನು ನೀರು ಹಾಕಿ ಕಲಸಿ ಹಾಸುವ ವೆಟ್ ಮಿಕ್ಸ್. ಕಾರುಗಳಿಗೆ ಜಿ.ಎಸ್.ಬಿ. 200 ಮಿ.ಮೀ., ವೆಟ್ ಮಿಕ್ಸ್ 150 ಮಿ.ಮೀ. ಎರಡೂ ರೋಲ್ ಆದ ಮೇಲಿನ ದಪ್ಪ ಎಂದು ಬರೆಸಿಕೊಳ್ಳಿ. ಜಿ.ಎಸ್.ಬಿ. ನೀರನ್ನು ಬಸಿದು ಹೊರಗೆ ಕಳಿಸುವ ಪದರವೂ ಹೌದು. ಅದು ಗಟಾರದವರೆಗೆ ಚಾಚಿರಬೇಕು, ಮಣ್ಣಿನ ಡಬ್ಬಿಯಲ್ಲಿ ಮುಚ್ಚಿಟ್ಟಂತೆ ಇರಬಾರದು. ಮುಚ್ಚಿದ್ದರೆ ಅದೇ ಎರಿಗೆ ನೀರುಣಿಸುವ ಕೆರೆಯಾಗುತ್ತದೆ.

ಮಾಲಿನ ಲೆಕ್ಕ ನೀವೇ ಮಾಡಿ. 3000 ಚದರ ಅಡಿಗೆ ಅರ್ಧ ಅಡಿ ವೆಟ್ ಮಿಕ್ಸ್ ಎಂದರೆ 1500 ಘನ ಅಡಿ, ಅಂದರೆ 15 ಬ್ರಾಸ್. ರೋಲ್ ಆದಾಗ ಮಾಲು ಇಳಿಯುವುದರಿಂದ ಸಡಿಲ ಮಾಲು ಸುಮಾರು 19ರಿಂದ 20 ಬ್ರಾಸ್ ಬರಬೇಕು. ಹದಿಮೂರು ಬ್ರಾಸ್ ಬಂದು ಕೆಲಸ ಮುಗಿದರೆ ಉಳಿದದ್ದು ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ.

ವೆಟ್ ಮಿಕ್ಸ್ ಮುಗಿದ ದಿನ ಎರಡು ಪರೀಕ್ಷೆ ಮಾಡಿ. ಮೊದಲನೆಯದಕ್ಕೆ ಖಡಿ ತುಂಬಿದ ಟಿಪ್ಪರನ್ನು ಅಂಗಳದ ಮೇಲೆ ನಡಿಗೆಯ ವೇಗದಲ್ಲಿ ಓಡಿಸಿ. ನೀವು ಹಿಂದಿನ ಗಾಲಿಯ ಪಕ್ಕದಲ್ಲೇ ಬಗ್ಗಿ ನೋಡುತ್ತಾ ನಡೆಯಿರಿ. ಗಾಲಿಯ ಮುಂದೆ ನೆಲ ಅಲೆಯಂತೆ ಎದ್ದರೆ, ಗಾಲಿ ಹಾದು ಹೋದ ಮೇಲೆ ಗುರುತು ಇಳಿದು ಉಳಿದರೆ, ಅಲ್ಲಿ ಸುಣ್ಣದಿಂದ ಗೆರೆ ಎಳೆಯಿರಿ. ಆ ಜಾಗ ಕಿತ್ತು ಮತ್ತೆ ಮಾಡಿಸಬೇಕು. ಡಾಂಬರು ಬಿದ್ದ ಮೇಲೆ ಈ ದೋಷ ಕಣ್ಣಿಗೆ ಕಾಣುವುದಿಲ್ಲ, ಮಳೆಗಾಲದವರೆಗೆ.

ಇನ್ನೊಂದು ನೀರಿನದು. ಕೊಡದಿಂದ ಅಲ್ಲಲ್ಲಿ ನೀರು ಸುರಿದು ಅದು ಯಾವ ಕಡೆ ಓಡುತ್ತದೆ ನೋಡಿ. ಇಳಿಜಾರು 50ಕ್ಕೆ 1 ಇರಲಿ. 20 ಅಡಿ ಅಗಲದ ಅಂಗಳದಲ್ಲಿ ಆ ತುದಿಗೂ ಈ ತುದಿಗೂ ಸುಮಾರು 5 ಇಂಚು ಇಳಿಯಬೇಕು. ನೀರು ಮನೆಯ ಪಾಯದ ಕಡೆಗೆ ಓಡಿದರೆ ಕೆಲಸ ಅಲ್ಲೇ ನಿಲ್ಲಿಸಿ.

ಅಂಚು

ಆ ಕಾರ್ಯಾಲಯದ ಬಿರುಕು ಗೋಡೆಗುಂಟ ಇದ್ದದ್ದು ಆಕಸ್ಮಿಕವಲ್ಲ. ಡಾಂಬರಿನ ನಡುಭಾಗದ ಕೆಳಗೆ ಮಣ್ಣಿನ ಹಸಿ ಹೆಚ್ಚು ಕಡಿಮೆ ಒಂದೇ ಸಮ ಇರುತ್ತದೆ. ಅಂಚಿನಲ್ಲಿ ಮಾತ್ರ ಬೇಸಿಗೆಗೆ ಒಣಗುತ್ತದೆ, ಮಳೆಗೆ ನೆನೆಯುತ್ತದೆ. ಅಲ್ಲಿ ನೆಲ ಏರಿಳಿದು ಅಂಚಿಗೆ ಸಮಾಂತರವಾಗಿ ಬಿರುಕು ಬೀಳುತ್ತದೆ. ಅವರು ಗೋಡೆಗುಂಟ ದಾಸವಾಳದ ಸಾಲು ಹಚ್ಚಿ ದಿನಾ ಪೈಪಿನಿಂದ ನೀರು ಬಿಡುತ್ತಿದ್ದರು. ತೊಂದರೆಗೆ ದಾರಿ ಮಾಡಿಕೊಟ್ಟದ್ದು ಅದೇ.

ಆದ್ದರಿಂದ ಖಡಿಯ ಪದರಗಳು ಡಾಂಬರಿನ ಅಂಚಿನಿಂದ ಒಂದು, ಒಂದೂವರೆ ಅಡಿ ಹೊರಗೆ ಚಾಚಿರಲಿ. ಅಂಚಿಗೆ ಕಾಂಕ್ರೀಟ್ ಕರ್ಬ್ ಕಟ್ಟಿಸಿ, ಆನಿಕೆಯಿಲ್ಲದ ಡಾಂಬರು ಗಾಲಿ ಹತ್ತಿದಂತೆ ತುಂಡು ತುಂಡಾಗಿ ಉದುರುತ್ತದೆ. ಗಿಡಗಳನ್ನು ಆರೇಳು ಅಡಿ ದೂರ ಇಡಿ, ಅಥವಾ ತಳ ಮುಚ್ಚಿದ ಕುಂಡದಲ್ಲಿ ಬೆಳೆಸಿ. ಬೇವಿನ ಮರ ಹತ್ತಿರವಿದ್ದರೆ ಅದರ ಬೇರು ಹಸಿ ಎಳೆದು ಅಲ್ಲಿನ ಎರಿಯನ್ನು ಒಣಗಿಸುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಹಾಗೆಂದು ಮರ ಕಡಿಯಬೇಡಿ, ಅಂಗಳವನ್ನೇ ಸರಿಸಿ. ಚರಂಡಿ ಇಂಗುಗುಂಡಿ, ಸೋರುವ ಸಂಪ್ ಹತ್ತಿರವಿದ್ದರೆ ಮೊದಲು ಅದನ್ನು ಸರಿಮಾಡಿ.

ಡಾಂಬರಿನ ಆಯ್ಕೆ

ಈಗ ಜನ ಮೊದಲು ಕೇಳುವ ಪ್ರಶ್ನೆ. ಖಡಿಯನ್ನು ಹಿಡಿದಿಡುವ ಕರಿ ಅಂಟೇ ಬಿಟುಮೆನ್, ಅದಕ್ಕೆ ಐ.ಎಸ್. 73 ಎಂಬ ಭಾರತೀಯ ಮಾನದಂಡವಿದೆ. ಅದರ 2013ರ ಆವೃತ್ತಿಯಲ್ಲಿ ಅಂಟಿನ ಮಂದತೆಯ ಮೇಲೆ ವಿ.ಜಿ. 10, 20, 30, 40 ಎಂಬ ದರ್ಜೆಗಳಿವೆ. ಸಂಖ್ಯೆ ಏರಿದಂತೆ ಬಿಸಿಲಿಗೆ ಕಡಿಮೆ ಮೆತ್ತಗಾಗುತ್ತದೆ. ಏಳು ದಿನಗಳ ಸರಾಸರಿ ಗರಿಷ್ಠ ತಾಪ 38ರಿಂದ 45 ಡಿಗ್ರಿ ಬರುವ ಪ್ರದೇಶಕ್ಕೆ ವಿ.ಜಿ. 30. ನಮ್ಮ ಬೇಸಿಗೆ ಆ ಲೆಕ್ಕದೊಳಗೇ ಬರುತ್ತದೆ. ಕಾರು, ಬೈಕು ನಿಲ್ಲುವ ಅಂಗಳಕ್ಕೆ ವಿ.ಜಿ. 30 ಸಾಕು. ಬಸ್ಸು, ಲಾರಿ ಗಂಟೆಗಟ್ಟಲೆ ನಿಲ್ಲುವ ಕಡೆ ವಿ.ಜಿ. 40 ಕೇಳಿ. ಓಡುವ ಗಾಡಿಗಿಂತ ನಿಂತ ಗಾಡಿ ಡಾಂಬರನ್ನು ಹೆಚ್ಚು ತಗ್ಗು ಮಾಡುತ್ತದೆ. ಏಪ್ರಿಲ್ ಮಧ್ಯಾಹ್ನ ಕರಿ ಮೈ 60 ಡಿಗ್ರಿ ದಾಟಿರುತ್ತದೆ. ವಿ.ಜಿ. 10 ನಮ್ಮ ಬಿಸಿಲಿಗೆ ಬೇಡವೇ ಬೇಡ.

ಮೇಲ್ಪದರಕ್ಕೆ ಬಿಟುಮಿನಸ್ ಕಾಂಕ್ರೀಟ್, ಅಂದರೆ ಬಿ.ಸಿ., ಎರಡನೇ ಗ್ರೇಡ್, ರೋಲ್ ಆದ ಮೇಲೆ 40 ಮಿ.ಮೀ. ಇದರಲ್ಲಿ ಖಡಿ ಸಣ್ಣದು, ಬಿಟುಮೆನ್ ತೂಕದಲ್ಲಿ ಕನಿಷ್ಠ 5.4 ಪ್ರತಿಶತ. ಅನೇಕರು 20 ಮಿ.ಮೀ. ಕಾರ್ಪೆಟ್ ಎಂದು ಹೇಳಿ ಕಡಿಮೆ ದರ ಕೊಡುತ್ತಾರೆ. ಅದರ ಮೈಯಲ್ಲಿ ಸಂದಿಗಳು ಹೆಚ್ಚು, ಸೀಲ್ ಕೋಟ್ ಸವೆದೊಡನೆ ನೀರು ಒಳಗಿಳಿಯುತ್ತದೆ. ಗಟ್ಟಿ ನೆಲದ ಮೇಲೆ ನಡೆಯಬಹುದು, ಎರಿಯ ಮೇಲೆ ನಾನು ಒಪ್ಪುವುದಿಲ್ಲ. ಭಾರದ ಗಾಡಿ ಬರುವ ಅಂಗಳಕ್ಕೆ ಬಿ.ಸಿ. ಕೆಳಗೆ ದಪ್ಪ ಖಡಿಯ ಇನ್ನೊಂದು ಡಾಂಬರು ಪದರ, ಅಂದರೆ ಡಿ.ಬಿ.ಎಮ್., 50 ಮಿ.ಮೀ. ಸೇರಿಸಿ.

ಖಡಿಯ ಕಲ್ಲೂ ಮುಖ್ಯ. ವಿಜಯಪುರ, ಉತ್ತರ ಬೆಳಗಾವಿಯ ಕಪ್ಪು ಬಸಾಲ್ಟ್ ಡಾಂಬರನ್ನು ಚೆನ್ನಾಗಿ ಹಿಡಿಯುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಗಟ್ಟಿಯೇನೋ ಹೌದು, ಆದರೆ ಸಿಲಿಕಾ ಹೆಚ್ಚಿರುವುದರಿಂದ ನೀರು ಸೇರಿದರೆ ಡಾಂಬರು ಅದರಿಂದ ಬೇಗ ಬಿಡುತ್ತದೆ. ಬಾಗಲಕೋಟೆ ಕಡೆಯವರು ಇದನ್ನು ಪ್ಲಾಂಟಿನಲ್ಲಿ ಕೇಳಿ, ಮಿಶ್ರಣಕ್ಕೆ 2 ಪ್ರತಿಶತ ಸುಟ್ಟು ಅರಳಿಸಿದ ಸುಣ್ಣ ಸೇರಿಸಲು ಹೇಳಿ. ಡಾಂಬರು ಲೇಪಿಸಿದ ಹಿಡಿ ಖಡಿಯನ್ನು 40 ಡಿಗ್ರಿ ನೀರಿನಲ್ಲಿ 24 ಗಂಟೆ ಇಟ್ಟಾಗ ಲೇಪ ಕನಿಷ್ಠ 95 ಪ್ರತಿಶತ ಉಳಿದಿರಬೇಕು ಎಂಬುದು ಲ್ಯಾಬಿನ ಅಳತೆ.

ದರ ಕೇಳುವಾಗ

“ಚದರ ಅಡಿಗೆ ಇಷ್ಟು” ಎಂಬ ಒಂದೇ ಸಾಲಿನ ದರ ಒಪ್ಪಬೇಡಿ. ಅಗೆತ, ಗರಸು, ಜಿ.ಎಸ್.ಬಿ., ವೆಟ್ ಮಿಕ್ಸ್, ಪ್ರೈಮ್ ಕೋಟ್, ಟ್ಯಾಕ್ ಕೋಟ್ (ಡಾಂಬರಿಗೆ ಮೊದಲು ಸಿಂಪಡಿಸುವ ಎರಡು ಲೇಪ), ಬಿ.ಸಿ., ಕರ್ಬ್, ಪ್ರತಿಯೊಂದಕ್ಕೂ ದಪ್ಪ ಮತ್ತು ದರ ಬೇರೆ ಬೇರೆ ಬರೆಸಿ. ಡಾಂಬರು ಮಾಲನ್ನು ಟನ್ ಲೆಕ್ಕದಲ್ಲಿ ನೋಡಿ: 3000 ಚದರ ಅಡಿ, 40 ಮಿ.ಮೀ. ದಪ್ಪಕ್ಕೆ ಸುಮಾರು 26 ಟನ್. ಪ್ರತಿ ಟಿಪ್ಪರಿನ ಕಾಟಾ ಚೀಟಿ, ಅಂದರೆ ತೂಕದ ರಸೀದಿ, ನಿಮ್ಮ ಕೈಗೆ ಬರಬೇಕು ಎಂಬುದನ್ನೂ ಕರಾರಿನಲ್ಲಿ ಸೇರಿಸಿ. ಕಬ್ಬಿನ ಕಾಟಾ ಮುಂದೆ ನಿಂತ ರೈತರಿಗೆ ಚೀಟಿಯ ಬೆಲೆ ಏನೆಂದು ನಾನು ಹೇಳಬೇಕಿಲ್ಲ.

ಹಾಕುವ ದಿನ

ಹಿಂದಿನ ದಿನ ಪ್ರೈಮ್ ಕೋಟ್ ಆಗಿರಬೇಕು. ವೆಟ್ ಮಿಕ್ಸಿನ ಧೂಳನ್ನು ತಂತಿ ಬ್ರಷ್, ಕಂಪ್ರೆಸರ್ ಗಾಳಿಯಿಂದ ತೆಗೆದು, ಚದರ ಮೀಟರಿಗೆ 0.7ರಿಂದ 1 ಕೆ.ಜಿ. ಎಮಲ್ಶನ್ (ನೀರಿನಲ್ಲಿ ಬೆರೆಸಿದ ಬಿಟುಮೆನ್) ಸಿಂಪಡಿಸಿ 24 ಗಂಟೆ ಬಿಡುತ್ತಾರೆ. ಧೂಳಿನ ಮೇಲೆ ಹೊಡೆದರೆ ಅದು ಹಪ್ಪಳದಂತೆ ಎದ್ದುಬರುತ್ತದೆ. ಬೆಳಿಗ್ಗೆ ಅದರ ಮೇಲೆ ತೆಳುವಾಗಿ ಟ್ಯಾಕ್ ಕೋಟ್. ಅದು ಕಂದು ಬಣ್ಣದಿಂದ ಕಪ್ಪಿಗೆ ತಿರುಗುವವರೆಗೆ ಮಾಲು ಸುರಿಯಬಾರದು.

ಟಿಪ್ಪರ್ ಬಂದಾಗ ತಾಡಪತ್ರಿ ತೆಗೆಸಿ ಮಾಲನ್ನು ನೀವೇ ನೋಡಿ. ನೀಲಿ ಹೊಗೆ ಏಳುತ್ತಿದ್ದರೆ ಮಾಲು ಹೆಚ್ಚು ಕಾದಿದೆ, ಬಿಟುಮೆನ್ ಸುಟ್ಟಿದೆ. ಬಿಳಿ ಹಬೆ ಬಂದರೆ ಖಡಿ ಒದ್ದೆಯಿತ್ತು. ರಾಶಿ ಚೂಪಾಗಿ, ಮೇಲೆ ಹೆಪ್ಪುಗಟ್ಟಿ ನಿಂತಿದ್ದರೆ ಆರಿದೆ. ರಾಶಿಯೇ ಇಲ್ಲದೆ ಚಪ್ಪಟೆಯಾಗಿ ಹರಡಿ ಮಿನುಗುತ್ತಿದ್ದರೆ ಬಿಟುಮೆನ್ ಹೆಚ್ಚಾಗಿದೆ, ಕಂದು ಬಣ್ಣಕ್ಕೆ ಮಂಕಾಗಿದ್ದರೆ ಕಡಿಮೆಯಾಗಿದೆ. ಕಣ್ಣಿನ ಜೊತೆ ಥರ್ಮಾಮೀಟರನ್ನೂ ಚುಚ್ಚಿಸಿ. ವಿ.ಜಿ. 30 ಮಾಲು ಹರಡುವಾಗ ಕನಿಷ್ಠ 140 ಡಿಗ್ರಿ, ರೋಲಿಂಗ್ ಮುಗಿಯುವಾಗ ಕನಿಷ್ಠ 90 ಡಿಗ್ರಿ ಇರಬೇಕು. ವಿ.ಜಿ. 40ಕ್ಕೆ ಇವು 150 ಮತ್ತು 100. ಇಷ್ಟಿಲ್ಲದ ಗಾಡಿಯನ್ನು ಮುಲಾಜಿಲ್ಲದೆ ತಿರುಗಿಸಿ. ಟಿಪ್ಪರಿನ ತಳಕ್ಕೆ, ರೋಲರ್ ಗಾಲಿಗೆ ಮಾಲು ಅಂಟದಿರಲೆಂದು ಡೀಸೆಲ್ ಹೊಡೆಯುವ ರೂಢಿಯಿದೆ, ಅದನ್ನು ತಡೆಯಿರಿ. ರೋಲರಿಗೆ ನೀರು ಸಾಕು.

ಹರಡಿದ ಮಾಲು 50 ಮಿ.ಮೀ. ಇದ್ದರೆ ರೋಲ್ ಆಗಿ 40ಕ್ಕೆ ಬರುತ್ತದೆ. ಸ್ಟೀಲ್ ಸ್ಕೇಲ್ ಚುಚ್ಚಿ ಹತ್ತು ಹೆಜ್ಜೆಗೊಮ್ಮೆ ನೋಡುತ್ತಾ ಹೋಗಿ. ಇಷ್ಟು ತೆಳು ಪದರ ಚಳಿಗಾಲದ ಗಾಳಿಗೆ ಹದಿನೈದು, ಇಪ್ಪತ್ತು ನಿಮಿಷದಲ್ಲೇ ಆರತೊಡಗುತ್ತದೆ. ಹಾಗಾಗಿ ರೋಲರ್ ಪಕ್ಕದಲ್ಲೇ ಚಾಲೂ ಇರಬೇಕು. ಚಾಲಕ ಊಟಕ್ಕೆ ಹೋಗಿದ್ದರೆ ಟಿಪ್ಪರ್ ಎತ್ತಬಾರದು. ಉರುಳಿಕೆ ತಗ್ಗಿನ ಅಂಚಿನಿಂದ ಎತ್ತರದ ಕಡೆಗೆ ಸಾಗಲಿ. ಗೋಡೆಯ ಮೂಲೆಗಳಲ್ಲಿ ಕೈ ದಿಮ್ಮಸಿನಿಂದ ಬಡಿಸಿ.

ಒಂದು ದಿನ ಬಿಟ್ಟು ಗಾಡಿ ಬಿಡಬಹುದು, ಬೇಸಿಗೆಯಾದರೆ ಮೂರು ದಿನ ತಡೆಯಿರಿ. ಮೊದಲ ಒಂದೆರಡು ತಿಂಗಳು ನಿಂತಲ್ಲೇ ಸ್ಟೇರಿಂಗ್ ಪೂರಾ ತಿರುಗಿಸಬೇಡಿ ಎಂದು ಕಾವಲುಗಾರನಿಗೆ ಹೇಳಿಡಿ. ಬೈಕಿನ ಸೈಡ್ ಸ್ಟ್ಯಾಂಡ್ ಕೆಳಗೆ ಹಲಗೆ ತುಂಡು ಇಡಲು ಹೇಳಿ.

ಆ ಕಾರ್ಯಾಲಯದ ಅಂಗಳದಲ್ಲಿ ಗೋಡೆಗುಂಟ ಹತ್ತು ಅಡಿ ಪಟ್ಟಿ ಪೂರಾ ಕಿತ್ತು, ಎರಡು ಅಡಿ ಅಗೆದು, ಬಟ್ಟೆ ಹಾಸಿ ಗರಸಿನಿಂದ ಮತ್ತೆ ಕಟ್ಟಿದೆವು. ದಾಸವಾಳ ಕುಂಡಕ್ಕೆ ಹೋಯಿತು, ಅದರ ಜಾಗಕ್ಕೆ ಗಟಾರ ಬಂತು. ಮೊದಲ ಹಿಂಗಾರಿ ಮಳೆಯಲ್ಲಿ ಮಾಲೀಕರು ಕೊಡೆ ಹಿಡಿದು ಸುತ್ತಾಡಿ, ನೀರು ನಿಂತ ಜಾಗಕ್ಕೆಲ್ಲ ಬಣ್ಣದಿಂದ ಗುರುತು ಹಾಕಿದ್ದರು: ಎರಡೇ ಕಡೆ, ತಟ್ಟೆಯಗಲ. ನೀವೂ ಹಾಗೇ ಮಾಡಿ. ಮೇ ಕೊನೆಗೆ, ಮುಂಗಾರು ಬರುವ ಮೊದಲು, ಬಿರುಕುಗಳನ್ನು ಗಾಳಿ ಹೊಡೆದು ಸ್ವಚ್ಛ ಮಾಡಿ, ಸಣ್ಣವಕ್ಕೆ ಎಮಲ್ಶನ್ ಹೊಯ್ದು ಮೇಲೆ ಮರಳು ಉದುರಿಸಿ, ಕಿರುಬೆರಳು ಇಳಿಯುವಂಥವಕ್ಕೆ ಬಿಸಿ ರಬ್ಬರ್ ಸೀಲಂಟ್ ತುಂಬಿಸಿ. ಎಂಜಿನ್ ಆಯಿಲ್ ಬಿದ್ದ ಕಡೆ ಅದೇ ದಿನ ಮರದ ಹೊಟ್ಟು ಹಾಕಿ ಹೀರಿಸಿ, ಸೋಪು ನೀರಿನಿಂದ ತೊಳೆಯಿರಿ.